ನಾನ್ಯಾರು ಹೇಳು ನೋಡೋಣ?

ಕಳೆದ ವಾರ ಒಂದೇ ದಿನ ಮೂರು ಮನೆಯವರ ಬಾಯಲ್ಲಿ ಈ ಮಾತು ಕೇಳಿದೆ. ಮರೆವಿನ ಕಾಯಿಲೆಯ ಅಜ್ಜಿ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುವ ಮೊದಲೇ ಮಗಳು ಮುಖಕ್ಕೆ ಮುಖ ಒಡ್ಡುತ್ತಾಳೆ, "ಅಮ್ಮಾ, ನಾನ್ಯಾರು ಹೇಳು ನೋಡೋಣ?" ಆಮೇಲೆ ನನ್ನತ್ತ ತಿರುಗಿ, "ನೋಡಿ ಡಾಕ್ಟ್ರೇ, ನಿನ್ನೆ ಸರಿಯಾಗಿ ಹೇಳಿದ್ರು."

ಅಜ್ಜಿ ಸಾಮಾನ್ಯರಲ್ಲ. ಸೆರಗು ಸರಿಮಾಡಿಕೊಂಡು, "ಇದೇನ್ ಕೇಳ್ತೀಯೇ, ನಮ್ಮನೆ ಹುಡುಗಿ ನನಗೆ ಗೊತ್ತಿಲ್ವಾ?" ಅಂದರು. ಹೆಸರು ಮಾತ್ರ ಹೇಳಲಿಲ್ಲ. ನೆನಪು ಹೋದ ಮೇಲೂ ಮಾನ ಉಳಿಸಿಕೊಳ್ಳುವ ಜಾಣತನ ಬಹಳ ದಿನ ಇರುತ್ತದೆ.

ಈ ಚಟ ಅಂಟಿಸಿದ್ದು ನಾವು ವೈದ್ಯರೇ ಇರಬೇಕು. ಇವತ್ತು ಯಾವ ವಾರ, ಇದು ಯಾವ ಊರು, ವಾರಗಳ ಹೆಸರು ಹಿಂದಿನಿಂದ ಹೇಳಿ ಎಂದೆಲ್ಲ ಕೇಳಿ ನಾನೂ ಅಂಕ ಹಾಕುತ್ತೇನೆ. (ತಾರೀಖು ಕೇಳಿದ್ದಕ್ಕೆ "ನಾಡಿದ್ದು ಅಮಾವಾಸ್ಯೆ" ಎಂದ ಹಳ್ಳಿಯ ಹೆಂಗಸೊಬ್ಬರಿಗೆ, ಕ್ಯಾಲೆಂಡರ್ ನೋಡಿಕೊಂಡು, ಪೂರ್ತಿ ಅಂಕ ಕೊಟ್ಟಿದ್ದೇನೆ.) ಅದು ಕಾಯಿಲೆ ಎಲ್ಲಿಗೆ ಬಂತು ಎಂದು ತಿಳಿಯಲು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದರೆ ನೆನಪು ಗಟ್ಟಿಯಾಗುತ್ತದೆ ಅನ್ನುವುದು ಮಗ್ಗಿ ಬಾಯಿಪಾಠದ ಲೆಕ್ಕ. ಇಲ್ಲಿ ಅದು ನಡೆಯುವುದಿಲ್ಲ.

ಅಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹಾಳಾಗುವುದು ಮಿದುಳಿನ ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸು. ಹೊಸದಾಗಿ ಕೇಳಿದ್ದನ್ನು ಉಳಿಸಿಡುವುದು ಅದರ ಕೆಲಸ. ನೀವು ಸರಿ ಉತ್ತರ ಹೇಳಿಕೊಟ್ಟರೂ ಅದು ನಿಲ್ಲುವುದಕ್ಕೆ ಜಾಗವೇ ಇಲ್ಲ. ನಿಲ್ಲುವುದು ಕಸಿವಿಸಿ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಇಂಥ ರೋಗಿಗಳಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದು ಮರೆತುಹೋಗಿತ್ತು, ದುಃಖ ಹಾಗೇ ಇತ್ತು. ಬೆಳಗ್ಗೆ ಎಲ್ಲರೂ ಸೇರಿ ಪರೀಕ್ಷೆ ಮಾಡಿ ನಕ್ಕು, ಮಧ್ಯಾಹ್ನ ನನಗೆ ಫೋನ್ ಮಾಡಿ "ಸುಮ್‌ಸುಮ್ನೆ ಸಿಡುಕ್ತಾರೆ, ಮಾತ್ರೆ ಬರೀರಿ" ಎಂದರೆ ಯಾವ ಮಾತ್ರೆ ಬರೆಯಲಿ?

ಇನ್ನೊಬ್ಬ ಅಜ್ಜಿ ಸಂಜೆಯಾದರೆ ಬಾಗಿಲಲ್ಲಿ ನಿಂತು "ಅವರಿನ್ನೂ ಬರ್ಲಿಲ್ವಲ್ಲಾ" ಎನ್ನುತ್ತಿದ್ದರು. ಮಗ ಹಾರ ಹಾಕಿದ ಫೋಟೊ ತೋರಿಸಿ, "ಅಪ್ಪ ಹೋಗಿ ಎಂಟು ವರ್ಷ ಆಯ್ತಮ್ಮ" ಎನ್ನುತ್ತಿದ್ದ. ಆಕೆಗೆ ಗಂಡ ದಿನಾ ಸಂಜೆ ಹೊಸದಾಗಿ ಸಾಯುತ್ತಿದ್ದರು. ಸುಳ್ಳು ಹೇಳಬಾರದಲ್ಲ ಡಾಕ್ಟ್ರೇ ಎಂದ. ಸುಳ್ಳು ಬೇಡಪ್ಪ, ಅವರ ವಿಷಯ ಮಾತಾಡಿಸು ಎಂದೆ. ಸೊಸೆ ಚುರುಕು. "ಅತ್ತೆ, ಮಾವನಿಗೆ ಯಾವ ಸಾರು ಇಷ್ಟ?" ಎಂದಳು. ಹುರುಳಿಕಾಳು ಬಸ್ಸಾರಿಗೆ ಎಷ್ಟು ಬೆಳ್ಳುಳ್ಳಿ ಎಂಬಲ್ಲಿಗೆ ಬರುವಷ್ಟರಲ್ಲಿ ಅಜ್ಜಿ ಅಡುಗೆಮನೆಯಲ್ಲಿದ್ದರು. ಎಲ್ಲರಿಗೂ ಇದು ಫಲಿಸುತ್ತದೆ ಎನ್ನಲಾರೆ. ಆ ಮನೆಯಲ್ಲೂ ಕೆಲವು ಸಂಜೆ ಫಲಿಸಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಶಿಯಾ (ಅಲ್ಝೈಮರ್ ಸೇರಿ ಇಂಥ ಮರೆವಿನ ಕಾಯಿಲೆಗಳಿಗೆಲ್ಲ ಒಟ್ಟು ಹೆಸರು) ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮಂಥ ಬಡ, ಮಧ್ಯಮ ಆದಾಯದ ದೇಶಗಳಲ್ಲಿ. ಭಾರತದ ಅಂದಾಜು 88 ಲಕ್ಷ. ಇವರನ್ನೆಲ್ಲ ನೋಡಿಕೊಳ್ಳುತ್ತಿರುವುದು ಹೆಚ್ಚಾಗಿ ಹೆಂಡತಿ, ಮಗಳು, ಸೊಸೆ. ಅದಕ್ಕೇ ಇಷ್ಟು ಕೊರೆಯುತ್ತಿರುವುದು.

ಒಂದು ಎಚ್ಚರ. ಗೊಂದಲ ಒಂದೆರಡು ದಿನದಲ್ಲಿ ದಿಢೀರನೆ ಹೆಚ್ಚಿದರೆ "ಅರವತ್ತಕ್ಕೆ ಅರಳು ಮರಳು" ಎಂದು ಕೂರಬೇಡಿ. ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದಿದ್ದೋ ಇರಬಹುದು, ಅವತ್ತೇ ಆಸ್ಪತ್ರೆಗೆ ಕರೆತನ್ನಿ. ನಿಧಾನದ ಮರೆವಿಗೂ ವಿಟಮಿನ್ ಬಿ12, ಥೈರಾಯ್ಡ್, ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ನೋಡಿಸದೆ ಹಣೆಪಟ್ಟಿ ಹಚ್ಚಬಾರದು.

ಮೊದಲು ಹೇಳಿದ ಅಜ್ಜಿಯ ಮಗ ಅಮೆರಿಕದಲ್ಲಿದ್ದಾನೆ. ಪ್ರತಿ ಭಾನುವಾರ ವಿಡಿಯೊ ಕಾಲ್, ಅದೇ ಪ್ರಶ್ನೆ. ಶುರುವಿಗೇ ನಿನ್ನ ಹೆಸರು ಹೇಳಿಬಿಡು ಎಂದು ಮಗಳ ಕೈಲಿ ಹೇಳಿಸಿದೆ. ಹೇಳಿದನಂತೆ. "ಗೊತ್ತು ಕಣೋ, ಅದನ್ನೂ ಹೇಳ್ಬೇಕಾ? ಊಟ ಆಯ್ತಾ?" ಎಂದರಂತೆ ಅಜ್ಜಿ.