ನಡಾವಳಿಯಲ್ಲಿ ಉಳಿಯುವ ಜನಾಭಿಪ್ರಾಯ

ಯೋಜನೆಗೆ ಮಂಜೂರಾತಿ ನೀಡುವ ಆದೇಶಗಳಲ್ಲಿ ‘ಸಾರ್ವಜನಿಕರ ಅಭಿಪ್ರಾಯವನ್ನು ಪರಿಗಣಿಸಲಾಗಿದೆ’ ಎಂಬ ಸಾಲು ಇದ್ದೇ ಇರುತ್ತದೆ. ಮಂಡ್ಯದಲ್ಲಿ ಭೂಮಿ ಮತ್ತು ಪರಿಸರದ ವ್ಯಾಜ್ಯಗಳನ್ನು ನೋಡುವ ವಕೀಲನಾದ ನನ್ನ ಬಳಿಗೆ ಬರುವ ರೈತರು ಆ ಸಾಲಿನ ಮೇಲೆ ಬೆರಳಿಟ್ಟು, ‘ಸಭೇಲಿ ನಾವು ಬ್ಯಾಡ ಅಂದಿದ್ದೋ, ಒಪ್ಪವ್ರೆ ಅಂತ ಹೆಂಗ್ ಬಂತು ಸ್ವಾಮಿ?’ ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಹುಡುಕಬೇಕಾದದ್ದು ಸಭೆಯ ನಡಾವಳಿಯಲ್ಲಿ.

ಪರಿಸರ ಅನುಮತಿಗೆ ಮುನ್ನ ನಡೆಯುವ ಸಾರ್ವಜನಿಕ ಅಹವಾಲು ಸಭೆಯ ಕ್ರಮವನ್ನು ಕೇಂದ್ರ ಸರ್ಕಾರದ 2006ರ ಅಧಿಸೂಚನೆ ವಿವರಿಸುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೋ ಚಿತ್ರೀಕರಣವಾಗಬೇಕು. ಆದರೆ ಕೋರಂ ಅಗತ್ಯವಿಲ್ಲವೆಂದೂ ಅದೇ ಅಧಿಸೂಚನೆ ಹೇಳುತ್ತದೆ. ಬೆರಳೆಣಿಕೆಯ ಜನ ಸೇರಿದರೂ ಸಭೆ ಸಿಂಧುವೇ. ಹಾಜರಿದ್ದವರ ವಿವರ ನಡಾವಳಿಗೆ ಲಗತ್ತಾಗುತ್ತದೆ; ಹಾಜರಾತಿಗೆ ಹಾಕಿದ ಆ ಸಹಿಯನ್ನೇ ಒಪ್ಪಿಗೆಯ ಸಹಿಯೆಂದು ಮುಂದೆ ವಾದಿಸುವವರಿದ್ದಾರೆ. ಕಾನೂನಿನಲ್ಲಿ ಎರಡೂ ಒಂದೇ ಅಲ್ಲ.

ಹೆಚ್ಚಿನ ಬದಲಾವಣೆ ಆಗುವುದು ಮಾತು ಬರಹಕ್ಕಿಳಿಯುವಾಗ. ಕಲ್ಲು ಗಣಿ ಬರಲಿರುವ ಊರಿನ ರೈತನೊಬ್ಬ ಎದ್ದು ನಿಂತು, ‘ಕಬ್ಬಿನ ಮೇಲೆ ಧೂಳು ಕೂತ್ರೆ, ಬೋರ್‌ವೆಲ್ ಬತ್ತೋದ್ರೆ ಯಾರು ಹೊಣೆ?’ ಎಂದು ಕೇಳಿದನೆನ್ನಿ. ನಡಾವಳಿಯಲ್ಲಿ ಅದು ‘ಧೂಳು ನಿಯಂತ್ರಣ ಕ್ರಮಗಳ ಕುರಿತು ಮಾಹಿತಿ ಕೋರಿದರು’ ಎಂದಾಗುತ್ತದೆ. ‘ಮಾಡೇ ಮಾಡ್ತೀರಿ ಅನ್ನೋದಾದ್ರೆ ನಮ್ಮ ಹುಡುಗರಿಗೆ ಕೆಲಸನಾದ್ರೂ ಕೊಡಿ’ ಎಂಬ ಅಸಹಾಯಕ ಮಾತು ‘ಸ್ಥಳೀಯರಿಗೆ ಉದ್ಯೋಗ ನೀಡುವ ಷರತ್ತಿನೊಂದಿಗೆ ಯೋಜನೆಯನ್ನು ಸ್ವಾಗತಿಸಿದರು’ ಎಂಬ ರೂಪ ತಾಳುತ್ತದೆ. ಇದರ ಹಿಂದೆ ಪ್ರತಿ ಸಲವೂ ದುರುದ್ದೇಶ ಇರುತ್ತದೆಂದು ನಾನು ಹೇಳಲಾರೆ. ಸಿಟ್ಟು, ಅನುಮಾನ, ಭಯ ಇವನ್ನು ಬರೆದುಕೊಳ್ಳುವ ರೂಢಿಯೇ ಕಚೇರಿ ಕನ್ನಡಕ್ಕಿಲ್ಲ. ಆದರೂ ಅನುಮತಿ ನೀಡಬೇಕೇ ಬೇಡವೇ ಎಂದು ದೂರದಲ್ಲಿ ಕುಳಿತು ತೀರ್ಮಾನಿಸುವ ಸಮಿತಿ ಮುಖ್ಯವಾಗಿ ಓದುವುದು ಈ ಬರಹವನ್ನೇ ಆದ್ದರಿಂದ, ಊರಿನ ಪಾಲಿಗೆ ಪರಿಣಾಮ ಒಂದೇ ಆಗಿರುತ್ತದೆ.

ಜನರನ್ನು ಕರೆದು ಕೇಳುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಬಂದಿದ್ದ 144 ಮಂದಿ ಬಹುತೇಕ ಜಮೀನುದಾರರು ಮತ್ತು ವರ್ತಕರು. ಅವರು ಆಡಳಿತದ ವರದಿಯನ್ನು ಕೇಳಬಹುದಿತ್ತು, ಕುಂದುಕೊರತೆ ಹೇಳಿಕೊಳ್ಳಬಹುದಿತ್ತು. ತೀರ್ಮಾನದ ಅಧಿಕಾರ ಮಾತ್ರ ಸರ್ಕಾರದ್ದೇ ಆಗಿತ್ತು. ಆ ಸಭೆಯ ಮಹತ್ವವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಯಾರನ್ನು ಪ್ರಜೆಗಳ ಪ್ರತಿನಿಧಿ ಎಂದು ಎಣಿಸಬೇಕೆಂಬುದನ್ನು ಅಂದೂ ಆಡಳಿತವೇ ಗೊತ್ತುಮಾಡಿತ್ತು. ಇಂದು ಅಹವಾಲು ಸಭೆಯ ದಿನ, ವೇಳೆ, ಸ್ಥಳ ಗೊತ್ತುಮಾಡುವುದೂ ಆಡಳಿತವೇ. ನಾಟಿಯ ಹಂಗಾಮಿನಲ್ಲಿ, ಬಸ್ಸಿಲ್ಲದ ಜಾಗದಲ್ಲಿ, ಬೆಳಿಗ್ಗೆ ಹತ್ತೂವರೆಗೆ ಸಭೆ ಇಟ್ಟರೆ ಕೂಲಿ ಬಿಟ್ಟು ಬರಲಾಗದ ಹೆಣ್ಣುಮಕ್ಕಳ ಅಭಿಪ್ರಾಯ ದಾಖಲೆಯಾಗುವುದೇ ಇಲ್ಲ.

ಭಾಷೆಯ ತೊಡಕು ಇನ್ನೊಂದು. 2006ರ ಅಧಿಸೂಚನೆಯ ಬದಲಿಗೆ ತರಲು ಹೊರಟ ಕರಡಿನ ಮೇಲೆ 2020ರಲ್ಲಿ ದೇಶದ ಜನರ ಅಭಿಪ್ರಾಯ ಕೇಳಿದಾಗ, ಆ ಕರಡು ಇದ್ದುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆ ವರ್ಷದ ಜೂನ್ 30ರಂದು ಆದೇಶಿಸಬೇಕಾಯಿತು. ಓದಲು ಬಾರದ ಭಾಷೆಯಲ್ಲಿ ಕೇಳಿ, ಆಕ್ಷೇಪಣೆ ಬರಲಿಲ್ಲವೆಂದು ಸರ್ಕಾರ ಹೇಳಿಕೊಳ್ಳುವುದು ನ್ಯಾಯವಲ್ಲ.

ಹೀಗಾಗಿ ಸಭೆಗೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ಹೇಳಬೇಕಾದದ್ದನ್ನು ಕನ್ನಡದಲ್ಲಿ ಬರೆದು, ಸರ್ವೆ ನಂಬರ್ ಸಮೇತ ಎರಡು ಪ್ರತಿ ಮಾಡಿಕೊಳ್ಳಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಪಡೆಯಿರಿ. ಬೇಡವೆನ್ನುವುದಾದರೆ ಮೊದಲ ಸಾಲಿನಲ್ಲೇ ‘ವಿರೋಧಿಸುತ್ತೇವೆ’ ಎಂದು ಬರೆಯಿರಿ, ಬೇಡಿಕೆಗಳು ಆಮೇಲೆ ಬರಲಿ. ನಡಾವಳಿಯ ಸಾರಾಂಶವನ್ನು ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ, ಅದೇ ದಿನ ಸಹಿ ಮಾಡಬೇಕೆಂದು ಅಧಿಸೂಚನೆಯಲ್ಲೇ ಇದೆ. ಊಟದ ಹೊತ್ತಾಯಿತೆಂದು ಜನ ಎದ್ದು ಹೋಗುವುದು ಸರಿಯಾಗಿ ಆಗಲೇ. ಅಲ್ಲಿಯವರೆಗೂ ಕುಳಿತಿದ್ದು, ತಪ್ಪಾಗಿ ಬರೆದದ್ದನ್ನು ಕ್ಯಾಮೆರಾದ ಎದುರೇ ತಿದ್ದಿಸಿ. ನಡಾವಳಿಯನ್ನು ಪಂಚಾಯಿತಿ ಕಚೇರಿಯಲ್ಲಿ ಪ್ರಕಟಿಸಿದ ಮೇಲೂ ಅದರ ಬಗ್ಗೆ ನಿಮ್ಮ ತಕರಾರನ್ನು ಅನುಮತಿ ನೀಡುವ ಪ್ರಾಧಿಕಾರಕ್ಕೆ ನೇರವಾಗಿ ಕಳುಹಿಸಬಹುದು.