ಕಿಣ್ವ ನಿಂತಿರಲಿ, ಹಾಲು ಹರಿಯಲಿ

ನಮ್ಮ ಮನೆ ಪುಣೆಯ ಪಿಂಪ್ರಿಯಲ್ಲಿ. ಹಾಲು ಕುಡಿದರೆ ನಮ್ಮ ಅತ್ತೆಗೆ ಹೊಟ್ಟೆ ಉಬ್ಬರ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಅವರ ಕರುಳಿನಲ್ಲಿ ಕಡಿಮೆ. ಅದರ ಹನಿಗಳು ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಲೋಟಕ್ಕೆ ಹಾಕಿದ ಹನಿ ಹಾಲಿನ ಜೊತೆಗೇ ಹೊಟ್ಟೆಗೆ ಹೋಗುತ್ತದೆ. ಆದರೆ ಕಿಣ್ವ ಕೆಲಸ ಮಾಡಿ ಖರ್ಚಾಗುವ ವಸ್ತುವಲ್ಲ, ಮತ್ತೆ ಮತ್ತೆ ದುಡಿಯುತ್ತದೆ. ಅದನ್ನು ಒಂದೇ ಲೋಟಕ್ಕೆ ಮುಗಿಸುವುದು ನಷ್ಟ, ಅಲ್ವಾ?

ಮಗಳ ಜೊತೆ ಒಂದು ಪ್ರಯೋಗ ಮಾಡಿದೆ. ಕಡಲ ಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟ್ ಎಂಬ ಅಂಟಿಗೆ ಲ್ಯಾಕ್ಟೇಸ್ ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಟ್ಟೆವು. ಪ್ರತಿ ಹನಿಯೂ ನೆನೆದ ಸಬ್ಬಕ್ಕಿಯಂತೆ ಗಟ್ಟಿಯಾಯಿತು. ಕಾಳುಗಳನ್ನು ದೊಡ್ಡ ಸಿರಿಂಜಿಗೆ ತುಂಬಿ ಮೇಲಿಂದ ಹಾಲು ಸುರಿದೆವು. ಲ್ಯಾಕ್ಟೋಸ್ ಒಡೆದರೆ ಗ್ಲೂಕೋಸ್ ಹುಟ್ಟುತ್ತದೆ, ಅದನ್ನು ಬಣ್ಣ ಬದಲಿಸಿ ತೋರಿಸುವ ಪಟ್ಟಿಯನ್ನು ಇಳಿದ ಹಾಲಿಗೆ ಅದ್ದಿದೆವು. ಬೇಗ ಬೇಗ ಇಳಿಸಿದಾಗ ಪಟ್ಟಿಯ ಬಣ್ಣ ಬದಲಾಗಲಿಲ್ಲ. ತೊಟ್ಟುತೊಟ್ಟಾಗಿ ಇಳಿಸಿದಾಗ ಬದಲಾಯಿತು! ಹಾಲಿಗೂ ಕಿಣ್ವಕ್ಕೂ ಜೊತೆಗಿರಲು ಎಷ್ಟು ಹೊತ್ತು ಸಿಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನನಗೆ ತುಂಬ ಇಷ್ಟವಾದದ್ದು ಇದೇ. ಕಾರ್ಖಾನೆಯ ಇಂಜಿನಿಯರ್ ತಲೆಕೆಡಿಸಿಕೊಳ್ಳುವುದೂ ಇದೇ ಲೆಕ್ಕಕ್ಕೆ.

ಎರಡನೇ ದಿನ ನಮ್ಮ ಕಾಳುಗಳ ಜೋರು ಇಳಿದಿತ್ತು. ಆಲ್ಜಿನೇಟಿನ ಬಲೆ ಸಡಿಲ, ಕಿಣ್ವ ಮೆಲ್ಲಗೆ ಸೋರಿಹೋಗುತ್ತದೆ. ಅದಕ್ಕೇ ಎಷ್ಟೋ ಕಾರ್ಖಾನೆಗಳಲ್ಲಿ ಕಿಣ್ವವನ್ನು ರಾಳದ ಕಾಳುಗಳಿಗೆ ರಾಸಾಯನಿಕವಾಗಿಯೇ ಕಟ್ಟಿಹಾಕುತ್ತಾರೆ.

ಈ ಬಗೆಯ ಮೊದಲ ದೊಡ್ಡ ಕೆಲಸ 1969ರಲ್ಲಿ ಜಪಾನಿನ ತನಾಬೆ ಕಂಪನಿಯದು. ಇಚಿರೋ ಚಿಬಾಟಾ ಅವರ ತಂಡ ಕಿಣ್ವವನ್ನು ಕೊಳವೆಯಲ್ಲಿ ನಿಲ್ಲಿಸಿ ಅಮೈನೋ ಆಮ್ಲ ತಯಾರಿಸಿತು. ಎಡಗೈ, ಬಲಗೈ ಇದ್ದ ಹಾಗೆ ಎರಡು ರೂಪದ ಅಣುಗಳು ಬೆರೆತಿದ್ದರೆ, ಕಿಣ್ವ ಬೇಕಾದ ರೂಪವನ್ನಷ್ಟೇ ಹಿಡಿಯುತ್ತಿತ್ತು.

ನಮ್ಮ ಪಿಂಪ್ರಿಗೂ ಈ ಕಥೆಯ ನಂಟಿದೆ. ಇಲ್ಲಿನ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ 1954ರಲ್ಲಿ ಹುಟ್ಟಿದ್ದೇ ಪೆನ್ಸಿಲಿನ್‌ಗಾಗಿ. ಅಮಾಕ್ಸಿಸಿಲಿನ್‌ನಂಥ ಔಷಧಿ ಮಾಡಲು ಮೊದಲು ಪೆನ್ಸಿಲಿನ್ ಅಣುವಿನ ಒಂದು ಬಾಲವನ್ನು ಕತ್ತರಿಸಬೇಕು. ಹಳೆಯ ರಾಸಾಯನಿಕ ವಿಧಾನಕ್ಕೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯೂ, ಕಾಟ ಕೊಡುವ ದ್ರಾವಕಗಳೂ ಬೇಕಿತ್ತು. ಪೆನ್ಸಿಲಿನ್ ಅಸೈಲೇಸ್ ಎಂಬ ಕಿಣ್ವ ಅದೇ ಕೆಲಸವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮಾಡುತ್ತದೆ.

ಆದರೆ ಒಂದು ತೊಡಕಿದೆ. ಕತ್ತರಿಸಿದ ಬಾಲ ಆಮ್ಲವಾದ್ದರಿಂದ ಕೊಳವೆಯಲ್ಲಿ ಕೆಳಗಿಳಿದಂತೆ ದ್ರವ ಹುಳಿಯಾಗುತ್ತಾ ಹೋಗುತ್ತದೆ, ಕಿಣ್ವ ಸೊರಗುತ್ತದೆ. ಹಾಗಾಗಿ ಎಷ್ಟೋ ಕಡೆ ಕಾಳುಗಳನ್ನು ತೊಟ್ಟಿಯಲ್ಲಿ ಕದಡುತ್ತಾ ಕ್ಷಾರ ತೊಟ್ಟಿಕ್ಕಿಸುತ್ತಾರೆ. ಇಲ್ಲವೇ ಗಿಡ್ಡ ಕೊಳವೆಯಲ್ಲಿ ಹಾಯಿಸಿ, ಹುಳಿಯನ್ನು ಸರಿಪಡಿಸಿ, ಅದೇ ದ್ರವವನ್ನು ಮತ್ತೆ ಮೇಲಕ್ಕೆ ಕಳಿಸುತ್ತಾರೆ.