ಕಿಡಿ ಹಾರಿದ ಮೈಕ್ರೋವೇವ್ ಓವನ್ ಗುಜರಿಗೆ ಹೋಗಬೇಕೇ?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇ-ತ್ಯಾಜ್ಯ ಸಂಗ್ರಹಿಸುವ ದಿನ ಬೇಸ್‌ಮೆಂಟಿಗೆ ಬಂದು ಸೇರುವ ಮೈಕ್ರೋವೇವ್ ಓವನ್‌ಗಳ ಬಾಗಿಲು ತೆರೆದು ನೋಡಿದರೆ, ಕೆಲವುಗಳ ಒಳಗೋಡೆಯ ಬಲಬದಿಯಲ್ಲಿ ಅಂಗೈಯಗಲದ ರಟ್ಟಿನಂಥ ಹಾಳೆಯೊಂದು ಸುಟ್ಟು ಕರಕಲಾಗಿರುವುದು ಕಾಣುತ್ತದೆ. ಒಮ್ಮೆ ಒಳಗೆ ಕಿಡಿ ಹಾರಿತು, ಸುಟ್ಟ ವಾಸನೆ ಬಂತು, ‘ರೇಡಿಯೇಷನ್ ಲೀಕ್ ಆಗುತ್ತದಂತೆ’ ಎಂದು ಯಾರೋ ಹೇಳಿದರು. ಅಲ್ಲಿಗೆ ಓವನ್‌ನ ಆಯುಷ್ಯ ಮುಗಿಯಿತು. ಆ ಹಾಳೆಗೂ ವಿಕಿರಣದ ಸೋರಿಕೆಗೂ ಯಾವ ಸಂಬಂಧವೂ ಇಲ್ಲ. ಸೋರಿಕೆಗೆ ನಿಜವಾಗಿ ಸಂಬಂಧಿಸಿದ ಭಾಗವೆಂದರೆ ಬಾಗಿಲು. ಅದು ಸಡಿಲಗೊಂಡಿದ್ದರೂ ರಬ್ಬರ್ ಬ್ಯಾಂಡ್ ಬಿಗಿದು ವರ್ಷಗಟ್ಟಲೆ ಬಳಸುವವರು ಇದೇ ಊರಿನಲ್ಲಿದ್ದಾರೆ.

ಸುಟ್ಟ ಆ ಹಾಳೆ ಅಭ್ರಕದ್ದು. ಹಳ್ಳಿಗಳಲ್ಲಿ ಕಾಗೆ ಬಂಗಾರವೆಂದು ಕರೆಯುವ, ಅಂಗಡಿಯವರು ಮೈಕಾ ಶೀಟ್ ಎನ್ನುವ ಈ ಖನಿಜಕ್ಕೆ ಎರಡು ಅಪರೂಪದ ಗುಣಗಳಿವೆ: ನೂರಾರು ಡಿಗ್ರಿ ಶಾಖವನ್ನು ತಾಳಿಕೊಳ್ಳುತ್ತದೆ ಮತ್ತು ಮೈಕ್ರೋತರಂಗಗಳನ್ನು ಹೀರಿಕೊಳ್ಳದೆ ಹಾಯಲು ಬಿಡುತ್ತದೆ. ಓವನ್‌ನ ಹೊರಕವಚದೊಳಗಿನ ಮ್ಯಾಗ್ನೆಟ್ರಾನ್ ಎಂಬ ನಳಿಗೆಯಲ್ಲಿ ಹುಟ್ಟಿದ ತರಂಗಗಳು ಲೋಹದ ಕೊಳವೆಯೊಂದರ ಮೂಲಕ ಅಡುಗೆಯ ಕೋಣೆಗೆ ಬರುತ್ತವೆ. ಆ ಕೊಳವೆಯ ಬಾಯಿಗೆ ಎಣ್ಣೆ, ಆವಿ, ಸಿಡಿದ ಸಾರು ನುಗ್ಗದಂತೆ ತಡೆಯುವುದಷ್ಟೇ ಮೈಕಾ ಹಾಳೆಯ ಕೆಲಸ. ಹಾಳೆಯ ಮೇಲೆ ಸಿಡಿದ ಜಿಡ್ಡನ್ನು ಒರೆಸದೆ ಬಿಟ್ಟರೆ ಅದು ಕ್ರಮೇಣ ಸುಟ್ಟು ಇಂಗಾಲವಾಗುತ್ತದೆ. ಇಂಗಾಲವು ಅಭ್ರಕದಂತಲ್ಲ, ಅದು ವಿದ್ಯುತ್ತನ್ನು ಹರಿಯಗೊಡುತ್ತದೆ ಮತ್ತು ತರಂಗಗಳನ್ನು ಹೀರಿ ಕೆಂಪಗೆ ಕಾಯುತ್ತದೆ. ಕಾದ ಚುಕ್ಕೆಯ ಪಕ್ಕದ ಜಿಡ್ಡೂ ಇಂಗಾಲವಾಗಿ ಕಲೆ ಹರಡುತ್ತದೆ, ಅದರ ಅಂಚಿನಿಂದ ಕಿಡಿ ಹಾರುತ್ತದೆ. ತಿಂಗಳುಗಟ್ಟಲೆ ಒರೆಸದೆ ಬಿಟ್ಟ ಕೊಳೆಯೇ ಇಲ್ಲಿನ ಅಪರಾಧಿ. ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಯೊಳಗೆ ಸಿಗುವ ಹೊಸ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಸಿ ಕೂರಿಸಿದರೆ ಸಾಕು. ಬಹುತೇಕ ಮಾದರಿಗಳಲ್ಲಿ ಪ್ಲಗ್ ಕಿತ್ತು, ಹೊರಕವಚವನ್ನು ಬಿಚ್ಚದೆಯೇ, ಅಡುಗೆಯ ಕೋಣೆಯ ಒಳಗಿನಿಂದಲೇ ಇದನ್ನು ಮಾಡಬಹುದು.

ವಿಕಿರಣ ಎಂಬ ಪದ ಕೇಳಿದೊಡನೆ ಅಣುಬಾಂಬು ನೆನಪಾಗುವುದು ನಮ್ಮ ಶಾಲಾ ಶಿಕ್ಷಣದ ಸೋಲು. ಓವನ್‌ನ 2.45 ಗಿಗಾಹರ್ಟ್ಸ್ ತರಂಗದ ಒಂದೊಂದು ಫೋಟಾನಿನ (ತರಂಗ ಹೊತ್ತೊಯ್ಯುವ ಶಕ್ತಿಯ ಪುಟ್ಟ ಪೊಟ್ಟಣದ) ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಲಕ್ಷದಲ್ಲೊಂದು ಭಾಗ. ಅಣುಬಂಧವನ್ನು ಮುರಿಯಲು ಅದರ ಲಕ್ಷಗಟ್ಟಲೆ ಪಟ್ಟು ಶಕ್ತಿ ಬೇಕು. ಅನ್ನ ವಿಕಿರಣಶೀಲವಾಗುವುದಿಲ್ಲ, ಬಿಸಿಯಾಗುತ್ತದೆ ಅಷ್ಟೆ. ಸೋರಿದ ತರಂಗ ಕಣ್ಣನ್ನೋ ಚರ್ಮವನ್ನೋ ಬಿಸಿ ಮಾಡಬಲ್ಲದು ಎಂಬುದೇ ನಿಜವಾದ ಆತಂಕ, ಮತ್ತು ಆ ಕಾರಣಕ್ಕಾಗಿಯೇ ಬಾಗಿಲನ್ನು ಅಷ್ಟು ಜಾಣತನದಿಂದ ರೂಪಿಸಿದ್ದಾರೆ.

ಬಾಗಿಲಿನ ಗಾಜಿನ ಹಿಂದಿರುವ ರಂಧ್ರಗಳ ಲೋಹದ ಹಾಳೆಯನ್ನು ಎಲ್ಲರೂ ಕಂಡಿರುತ್ತಾರೆ. ತರಂಗದ ಉದ್ದ ಸುಮಾರು 12.2 ಸೆಂ.ಮೀ., ರಂಧ್ರ ಒಂದೆರಡು ಮಿಲಿಮೀಟರ್; ಆ ದಾರಿಯಲ್ಲಿ ತರಂಗ ಹೊರಬರಲಾರದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸುತ್ತಲೂ ಉಳಿಯುವ ಸಂದಿಯದು ಬೇರೆಯದೇ ಸಮಸ್ಯೆ. ಲೋಹಕ್ಕೆ ಲೋಹವನ್ನು ಒತ್ತಿ ಮುಚ್ಚೋಣವೆಂದರೆ ಬಣ್ಣ, ಜಿಡ್ಡು, ಸವೆತಗಳಿಂದಾಗಿ ಆ ಸಂಪರ್ಕ ಬಹುಕಾಲ ಬಾಳುವುದಿಲ್ಲ. ಆದ್ದರಿಂದ ಎಂಜಿನಿಯರುಗಳು ಸಂದಿಯನ್ನು ಮುಚ್ಚುವ ಪ್ರಯತ್ನವನ್ನೇ ಕೈಬಿಟ್ಟು, ಬಾಗಿಲಿನ ಅಂಚಿನೊಳಗೆ ಸುತ್ತಲೂ ಒಂದು ಕುರುಡು ತೋಡನ್ನು, ಅಂದರೆ ತಳ ಮುಚ್ಚಿದ ಕಾಲುವೆಯನ್ನು, ಮಾಡಿದರು. ಅದರ ಆಳ ತರಂಗದ ಉದ್ದದ ಕಾಲು ಭಾಗ, ಅಂದರೆ ಸುಮಾರು 3 ಸೆಂ.ಮೀ. ಸಂದಿಯಲ್ಲಿ ನುಸುಳುವ ತರಂಗ ಮುಂದೆ ಸಾಗಬೇಕಾದರೆ ಎರಡೂ ಬದಿಯ ಲೋಹದ ಮೈಮೇಲೆ ವಿದ್ಯುತ್ ಹರಿಯುತ್ತಿರಲೇಬೇಕು. ತೋಡಿನೊಳಕ್ಕೆ ಇಳಿದ ತರಂಗ ತಳಕ್ಕೆ ಬಡಿದು ಮರಳಿ ಬಾಯಿಗೆ ಬರುವಷ್ಟರಲ್ಲಿ ಅರ್ಧ ತರಂಗದಷ್ಟು ದೂರ ಕ್ರಮಿಸಿರುತ್ತದೆ. ಹೊರಡುವಾಗ ಉಬ್ಬಿದ್ದ ಪ್ರವಾಹ ಮರಳುವಾಗ ತಗ್ಗಾಗಿರುತ್ತದೆ. ಉಯ್ಯಾಲೆಯನ್ನು ಇಬ್ಬರು ಎದುರುಬದುರು ನಿಂತು ಒಂದೇ ಕ್ಷಣದಲ್ಲಿ ಸಮಬಲದಿಂದ ತಳ್ಳಿದರೆ ಅದು ಕದಲದಂತೆ, ತೋಡಿನ ಬಾಯಲ್ಲಿ ಹೋಗುವ ಮತ್ತು ಬರುವ ಪ್ರವಾಹಗಳು ಪರಸ್ಪರ ರದ್ದಾಗುತ್ತವೆ. ಪ್ರವಾಹವಿಲ್ಲದ ಮೇಲೆ ತರಂಗಕ್ಕೆ ದಾರಿಯಿಲ್ಲ. ಅದು ಬಹುಪಾಲು ಒಳಕ್ಕೇ ಹಿಂದಿರುಗುತ್ತದೆ. ಸಂದಿ ತೆರೆದೇ ಇದೆ, ತರಂಗ ಮಾತ್ರ ಹೊರಬರುವುದಿಲ್ಲ. ನನ್ನ ಮಟ್ಟಿಗೆ ಅಡುಗೆಮನೆಯ ಉಪಕರಣಗಳಲ್ಲೆಲ್ಲ ಇದಕ್ಕಿಂತ ಸುಂದರವಾದ ಉಪಾಯ ಇನ್ನೊಂದಿಲ್ಲ.

ಓವನ್‌ನೊಳಗೆ ಮೊಬೈಲ್ ಇಟ್ಟು ಕರೆ ಮಾಡಿ, ಅದು ರಿಂಗಾದರೆ ಓವನ್ ಸೋರುತ್ತಿದೆ ಎಂದು ಸಾರುವ ವಾಟ್ಸಾಪ್ ‘ಪರೀಕ್ಷೆ’ ಏಕೆ ಹುಸಿ ಎಂಬುದೂ ಇದರಿಂದಲೇ ತಿಳಿಯುತ್ತದೆ. ತೋಡಿನ ಆಳ ಹೊಂದಿಕೊಂಡಿರುವುದು 2.45 ಗಿಗಾಹರ್ಟ್ಸ್‌ಗೆ, ಮೊಬೈಲ್ ಜಾಲಗಳು ಬಳಸುವ ಆವರ್ತಾಂಕಗಳು ಬೇರೆ. ಮೇಲಾಗಿ ಮೊಬೈಲ್ ಕೆಲಸ ಮಾಡಲು ಒಂದು ಮಿಲಿವ್ಯಾಟಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಸಂಕೇತವಿದ್ದರೂ ಸಾಕು. ಅಮೆರಿಕದಲ್ಲಿ 1971ರಿಂದ ಜಾರಿಯಲ್ಲಿರುವ ಮಿತಿಯ ಪ್ರಕಾರ, ಬಳಕೆಯಲ್ಲಿರುವ ಓವನ್‌ನ ಮೇಲ್ಮೈಯಿಂದ 5 ಸೆಂ.ಮೀ. ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್‌ಗಿಂತ ಹೆಚ್ಚು ಸೋರಬಾರದು. ಅದನ್ನು ಅಳೆಯಲು ಅದಕ್ಕೆಂದೇ ಇರುವ ಮೀಟರ್ ಬೇಕು.

ಈ ಭಯ ಬೆಂಗಳೂರಿನಲ್ಲಿ ಹಬ್ಬುವುದು ಒಂದು ವಿಪರ್ಯಾಸ. ಮ್ಯಾಗ್ನೆಟ್ರಾನ್ ಅಡುಗೆಗಾಗಿ ಹುಟ್ಟಿದ್ದಲ್ಲ. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಅದರ ಪ್ರಬಲ ರೂಪವನ್ನು ರೇಡಾರಿಗಾಗಿ ನಿರ್ಮಿಸಿದರು. ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ 1945ರಲ್ಲಿ ಅದರಿಂದ ಆಹಾರ ಬೇಯಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. 1947ರಲ್ಲಿ ಬಂದ ಮೊದಲ ಓವನ್ ಆಳೆತ್ತರವಿದ್ದು ಸುಮಾರು 340 ಕಿಲೋ ತೂಗುತ್ತಿತ್ತು. ಇತ್ತ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ ರಾಜೇಶ್ವರಿ ಚಟರ್ಜಿಯವರು 1953ರಲ್ಲಿ ಮಿಷಿಗನ್‌ನಿಂದ ಮರಳಿದ ಮೇಲೆ, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. ಇಂಥ ನಳಿಗೆಗಳ ಸಂಶೋಧನೆಗೆಂದೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯವೊಂದು ಇದೇ ಊರಿನ ಜಾಲಹಳ್ಳಿಯಲ್ಲಿದೆ.

ಇನ್ನು ದುರಸ್ತಿಯೋ ಬದಲಾವಣೆಯೋ ಎಂಬ ಪ್ರಶ್ನೆ. ದೀಪ ಉರಿಯದಿರುವುದು, ತಟ್ಟೆ ತಿರುಗದಿರುವುದು, ಮೈಕಾ ಸುಟ್ಟಿರುವುದು ಇವೆಲ್ಲ ಸಣ್ಣ ದೋಷಗಳು. ಇದಕ್ಕಾಗಿ ಓವನ್ ಎಸೆಯುವುದು ದುಂದು. ತಟ್ಟೆ ನಿಂತರೆ ಆಹಾರ ಅಲ್ಲಲ್ಲಿ ಬಿಸಿ, ಅಲ್ಲಲ್ಲಿ ತಣ್ಣಗೆ ಉಳಿಯುತ್ತದೆ, ಅಷ್ಟೆ. ಬಾಗಿಲಿನ ಕೊಂಡಿ ಸವೆದಿದ್ದರೆ ತಂತ್ರಜ್ಞರಿಂದ ಬದಲಾಯಿಸಿಕೊಳ್ಳಬೇಕು. ಬಾಗಿಲೇ ಸೊಟ್ಟಗಾಗಿದ್ದು ಹೊಸ ಬಾಗಿಲು ಸಿಗದಿದ್ದರೆ ಆ ಓವನ್ನನ್ನು ಇಟ್ಟುಕೊಳ್ಳಬಾರದು, ಏಕೆಂದರೆ ಸಂದಿ ಹಿಗ್ಗಿದಾಗ ತೋಡಿನ ಲೆಕ್ಕಾಚಾರ ತಪ್ಪುತ್ತದೆ. ಹೊರಕವಚವನ್ನು ಮನೆಯಲ್ಲಿ ಬಿಚ್ಚುವ ಸಾಹಸವಂತೂ ಬೇಡ: ಒಳಗೆ ಮ್ಯಾಗ್ನೆಟ್ರಾನ್‌ಗೆ ಸುಮಾರು 4000 ವೋಲ್ಟ್ ಒದಗಿಸುವ ಕೆಪಾಸಿಟರ್ ಇದೆ; ಪ್ಲಗ್ ಕಿತ್ತ ಮೇಲೂ ಅದರಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಹಳೆಯ ಓವನ್ ಮೊದಲಿನಂತೆ ಬಿಸಿ ಮಾಡುತ್ತಿಲ್ಲವೆಂಬ ಅನುಮಾನವಿದ್ದರೆ ಅಳೆದು ನೋಡಬಹುದು. ಒಂದು ಲೀಟರ್ ನೀರಿನ ಉಷ್ಣತೆಯನ್ನು ಅಳೆದು, ಪೂರ್ಣ ಸಾಮರ್ಥ್ಯದಲ್ಲಿ ಎರಡು ನಿಮಿಷ ಕಾಯಿಸಿ, ಚೆನ್ನಾಗಿ ಕಲಕಿ ಮತ್ತೆ ಅಳೆಯಬೇಕು. ಏರಿದ ಸೆಲ್ಸಿಯಸ್ ಡಿಗ್ರಿಗಳನ್ನು 35ರಿಂದ ಗುಣಿಸಿದರೆ ನೀರಿಗೆ ತಲುಪಿದ ವ್ಯಾಟ್ ಎಷ್ಟೆಂದು ತಿಳಿಯುತ್ತದೆ: 20 ಡಿಗ್ರಿ ಏರಿದರೆ 700 ವ್ಯಾಟ್. ಪಾತ್ರೆಯೂ ಸ್ವಲ್ಪ ಶಾಖವನ್ನು ಹೀರುವುದರಿಂದ ಹಿಂಬದಿಯ ಚೀಟಿಯಲ್ಲಿ ಬರೆದ ಉತ್ಪಾದನಾ ಸಾಮರ್ಥ್ಯಕ್ಕಿಂತ ಕೊಂಚ ಕಡಿಮೆ ಬರುವುದು ಸಹಜ. ಅರ್ಧದಷ್ಟೇ ಬಂದರೆ ಮ್ಯಾಗ್ನೆಟ್ರಾನ್ ಅಥವಾ ಅದಕ್ಕೆ ವಿದ್ಯುತ್ ಉಣಿಸುವ ಭಾಗ ಸೋತಿದೆಯೆಂದು ತಿಳಿಯಬಹುದು. ತಂತ್ರಜ್ಞರು ಹೇಳುವ ದುರಸ್ತಿಯ ವೆಚ್ಚ ಹೊಸ ಓವನ್‌ನ ಬೆಲೆಯ ಅರ್ಧ ದಾಟಿದಲ್ಲಿ ಹೊಸದನ್ನೇ ಕೊಳ್ಳುವುದು ಲೇಸು. ಹಳೆಯದನ್ನು ಬೀದಿಯ ಗುಜರಿಯವರಿಗೆ ಕೊಡದೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಕಾರರಿಗೆ ತಲುಪಿಸಬೇಕು.